ಕೆಳಗಿನ ಪದರಕ್ಕೆ ಬೀಗ

ಸತ್ತವರ ಕಣ್ಣು ತೆರೆಸುವುದರಲ್ಲಿ ಗದಗ-ಬೆಟಗೇರಿಯಲ್ಲಿ ಫಕ್ಕೀರೇಶ ಬಡಿಗೇರನನ್ನು ಮೀರಿಸುವವರು ಇರಲಿಲ್ಲ. ಯಾವುದೋ ಮದುವೆಯ ಪಂಕ್ತಿಯಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿಕೊಂಡು ಹೋಳಿಗೆ ಮುರಿಯುತ್ತಿರುವ ಮುದುಕರ ಫೋಟೊ ತಂದು, "ನಮ್ಮಪ್ಪಂದು ಇದೊಂದ ಫೋಟೊ ಐತ್ರಿ, ಹೆಂಗರ ಮಾಡಿ ಗ್ವಾಡಿಗೆ ಹಾಕೂವಂಗ ಮಾಡಿಕೊಡ್ರಿ" ಎಂದು ಮಕ್ಕಳು ಅಂಗಡಿಯ ಮುಂದೆ ನಿಂತರೆ, ಫಕ್ಕೀರೇಶ ಮೊದಲು ಹೋಳಿಗೆ ತೆಗೆಯುತ್ತಿದ್ದ. ಆಮೇಲೆ ಪಕ್ಕದಲ್ಲಿ ಕೂತವರನ್ನು ಎಬ್ಬಿಸಿ ಕಳಿಸುತ್ತಿದ್ದ. ತಲೆಗೊಂದು ರುಮಾಲು, ಹಣೆಗೆ ವಿಭೂತಿ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಕೊನೆಗೆ ಕಣ್ಣು. ಆ ಕಣ್ಣು ತೆರೆದುಕೊಂಡಾಗ ಮನೆಯವರು ಅಂಗಡಿಯಲ್ಲೇ ಅತ್ತುಬಿಡುತ್ತಿದ್ದರು. ಬದುಕಿದ್ದಾಗ ಆ ಮುದುಕ ಮಕ್ಕಳನ್ನು ಅಷ್ಟು ಪ್ರೀತಿಯಿಂದ ನೋಡಿದ್ದನೋ ಇಲ್ಲವೋ, ಅದು ಬೇರೆ ಮಾತು.

ಮುಂದೆ ಕಾಲ ಬದಲಾಯಿತು. ಗೋಡೆಯ ಮೇಲಿನ ಚೌಕಟ್ಟುಗಳೆಲ್ಲ ಪರದೆಗಳಾದವು. ಸತ್ತವರು ಸುಮ್ಮನೆ ನೋಡುತ್ತ ಕೂತರೆ ಸಾಲದು, ಸ್ವಲ್ಪ ಅಲುಗಾಡಬೇಕು, ಮೊಮ್ಮಕ್ಕಳ ಕಡೆ ನೋಡಿ ನಗಬೇಕು, ಹಬ್ಬದ ದಿನ ಕೈಯೆತ್ತಿ ಆಶೀರ್ವಾದ ಮಾಡಬೇಕು ಎಂಬ ಬೇಡಿಕೆ ಬಂತು. ಫಕ್ಕೀರೇಶ ಅದನ್ನೂ ಕಲಿತ. ಒಂದು ಫೋಟೊವನ್ನು ಪದರ ಪದರವಾಗಿ ಬಿಡಿಸುವುದು. ತಲೆ ಒಂದು ಪದರ, ಬಲಗೈ ಇನ್ನೊಂದು, ರೆಪ್ಪೆ ಮತ್ತೊಂದು, ಎಲ್ಲಕ್ಕಿಂತ ಕೆಳಗೆ ಹಿಂದಿನ ಗೋಡೆ. ಮೊದಲ ಸೆಕೆಂಡಿನಲ್ಲಿ ಕೈ ತೊಡೆಯ ಮೇಲಿದೆ ಎಂದು ಒಂದು ಗುರುತು. ಮೂರನೆಯ ಸೆಕೆಂಡಿನಲ್ಲಿ ಎದೆಯ ಮಟ್ಟಕ್ಕೆ ಬಂದಿದೆ ಎಂದು ಇನ್ನೊಂದು ಗುರುತು. ಈ ಗುರುತುಗಳಿಗೆ ಕೀಫ್ರೇಮ್ ಎಂದು ಹೆಸರು. ಮೊದಲಿನದನ್ನೂ ಕೊನೆಯದನ್ನೂ ಮನುಷ್ಯ ಹೇಳಿದರೆ ಸಾಕು, ನಡುವಿನದನ್ನೆಲ್ಲ ಯಂತ್ರವೇ ತುಂಬಿಕೊಳ್ಳುತ್ತದೆ. ಒಂದೇ ಗುರುತು ಇಟ್ಟು ಬಿಟ್ಟರೆ ಮಾತ್ರ ಯಂತ್ರಕ್ಕೂ ಏನೂ ತಿಳಿಯುವುದಿಲ್ಲ. ಕೈ ಎಲ್ಲಿದೆಯೋ ಅಲ್ಲೇ ಕೂತಿರುತ್ತದೆ.

ಈ ಕೆಲಸ ಕಲಿಸಿದ್ದು ಅಂಗಡಿಯ ಮಾಲೀಕರಾಗಿದ್ದ ಕೃಷ್ಣಾಜಿ ಕಾಕಾ. ಅವರ ಮೊದಲ ಪಾಠ ಒಂದೇ. ಫೈಲ್ ತೆರೆದ ಕೂಡಲೇ ಕೆಳಗಿನ ಪದರಕ್ಕೆ ಬೀಗ ಹಾಕು. ಒಮ್ಮೆ ಫಕ್ಕೀರೇಶ ಅದನ್ನು ಮರೆತಿದ್ದರಿಂದ, ಒಬ್ಬ ಅರಳೆ ವ್ಯಾಪಾರಿಯ ಚಿತ್ರದಲ್ಲಿ ಅಜ್ಜ ನಕ್ಕಾಗಲೆಲ್ಲ ಹಿಂದಿನ ಗೋಡೆ ಭೂಕಂಪವಾದ ಹಾಗೆ ಅಲ್ಲಾಡಿತ್ತು. ಮನೆಯವರು ತಿಥಿಯ ಊಟ ಬಿಟ್ಟು ಅಂಗಡಿಗೆ ಬಂದು ಕೂತಿದ್ದರು. ಆವತ್ತಿನಿಂದ ಇಪ್ಪತ್ತೆರಡು ವರ್ಷ, ಮೈಮೇಲೆ ಎಚ್ಚರವಿರಲಿ ಇಲ್ಲದಿರಲಿ, ಅವನ ಬೆರಳು ಮೊದಲು ಹೋಗುತ್ತಿದ್ದುದು ಪರದೆಯ ಮೇಲಿನ ಆ ಬೀಗದ ಗುರುತಿಗೇ.

ಅವನ ಹೆಂಡತಿ ನೀಲಗಂಗಾ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಖಣದ ಕುಪ್ಪಸ ಹೊಲಿಯುತ್ತಿದ್ದಳು. ಬಾಯಿ ಜೋರು ಎಂದು ಹೇಳುವ ಹಾಗಿಲ್ಲ, ಆದರೆ 'ಬ್ಯಾಡ' ಎಂದಳೆಂದರೆ ಮುಗಿಯಿತು. ಆ ಬಣ್ಣ ಬ್ಯಾಡ, ಆ ತೋಳು ಬ್ಯಾಡ, ನಾಳೆ ಬಾ ಅಂದರೆ ಇವತ್ತು ಬರೋದು ಬ್ಯಾಡ. ಸೋಮವಾರ ಹೊತ್ತು ಮುಳುಗುವ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲ, ಚಹಾ ಸಹಿತ ಇಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಒಂದು ಸೋಮವಾರ ತಪ್ಪಿಸಿದವಳಲ್ಲ. ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ದಿನ, ತೋಳಿನ ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಕೈಯಲ್ಲಿರುವಾಗಲೇ ಪಕ್ಕಕ್ಕೆ ವಾಲಿದಳು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಕಣ್ಣು ತೆರೆದೇ ಇದ್ದವು, ಉಳಿದದ್ದೆಲ್ಲ ನಿಂತುಹೋಯಿತು. ಆ ಕಣ್ಣು ನೋಡುತ್ತಿವೆಯೋ ಸುಮ್ಮನೆ ತೆರೆದುಕೊಂಡಿವೆಯೋ, ಯಾವ ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ಅನಸೂಯಾ ದೇಸಾಯಿ, ಇಂಥವರನ್ನು ಮತ್ತೆ ನಡೆದಾಡಿಸುವ ಯಂತ್ರವೊಂದನ್ನು ಕಟ್ಟಿದ್ದರು. ಅಕ್ಕಿಕಾಳಿನಷ್ಟು ಸಣ್ಣ ತುಂಡೊಂದನ್ನು ಮಿದುಳಿನಲ್ಲಿ ಕೂರಿಸುತ್ತಾರೆ. ಕೈಕಾಲಿಗೆ ತೆಳ್ಳನೆಯ ಕಾಲುಚೀಲದಂಥ ತೊಡುಗೆ, ಮುಖಕ್ಕೂ ಗಂಟಲಿಗೂ ಸಣ್ಣ ಸಣ್ಣ ಪಟ್ಟಿ. ನಡುವೆ ಒಂದು ಪೆಟ್ಟಿಗೆ. ಪೆಟ್ಟಿಗೆ ಹೇಳಿದಂತೆ ತೊಡುಗೆ ಸ್ನಾಯುಗಳನ್ನು ಎಳೆಯುತ್ತದೆ, ದೇಹ ಅಲುಗಾಡುತ್ತದೆ. ಆದರೆ ಯಾವಾಗ ಏನು ಅಲುಗಾಡಬೇಕು ಎಂದು ಪೆಟ್ಟಿಗೆಗೆ ಯಾರಾದರೂ ಹೇಳಿಕೊಡಬೇಕಲ್ಲ. ಫಕ್ಕೀರೇಶ ನೀಲಗಂಗಾಳನ್ನು ಅಲ್ಲಿಗೆ ಕರೆದೊಯ್ದ, ಅವಳಿಗೂ ಇದನ್ನೆಲ್ಲ ಅಳವಡಿಸಿದರು. ಅಲ್ಲಿಯ ಎಂಜಿನಿಯರುಗಳು ಹೇಳಿಕೊಟ್ಟ ಚಲನೆ ನೋಡಿ ಫಕ್ಕೀರೇಶನಿಗೆ ಅಳು ಬಂತು. ಒಬ್ಬ ರೋಗಿಯ ಕೈ ಚಮಚ ಹಿಡಿದು ಎದ್ದು, ಬಾಯಿಯ ಪಕ್ಕ ಹಾದು, ಕಿವಿಗೆ ಗಂಜಿ ಉಣಿಸುತ್ತಿತ್ತು.

ಪರದೆಯ ಮೇಲೆ ಒಂದರ ಕೆಳಗೊಂದು ಸಾಲುಗಳಿದ್ದವು. ಭುಜ, ಮೊಳಕೈ, ಮಣಿಕಟ್ಟು, ಬೆರಳು, ದವಡೆ, ತುಟಿ, ಗಂಟಲು. ಪ್ರತಿ ಸಾಲಿನಲ್ಲೂ ಸಣ್ಣ ಸಣ್ಣ ವಜ್ರದಾಕಾರದ ಗುರುತುಗಳು.

"ಮೇಡಂ, ಇದು ನಮ್ಮ ಅಂಗಡೀ ಕೆಲಸ ಅಲ್ಲೇನ್ರಿ?" ಎಂದ ಫಕ್ಕೀರೇಶ.

ಅನಸೂಯಾ ನಕ್ಕರು. "ಹಂಗಂದ್ರ ಕುಂದ್ರಿ, ಮಾಡಿ ತೋರಸ್ರಿ."

ಅವನು ಕೂತ. ನೀಲಗಂಗಾ ಪಕ್ಕದ ಗಾಲಿಕುರ್ಚಿಯಲ್ಲಿದ್ದಳು. ಡಾಕ್ಟರು ಒಂದೊಂದೇ ಸಾಲು ತೋರಿಸಿ ಹೇಳುತ್ತ ಬಂದರು. ಕೆಳಗಿನ ಸಾಲಿಗೆ ಬಂದಾಗ ಯಾರದೋ ಫೋನು ಬಂತು, ಫೋನು ಕಿವಿಗಿಟ್ಟುಕೊಂಡೇ ಅಂದರು: "ಅದು ತಳದ ಲೇಯರ್. ಪೇಶಂಟಿಂದು. ಅದರ ಸುದ್ದಿಗೆ ಹೋಗಬ್ಯಾಡ್ರಿ."

ಮುಟ್ಟಬೇಡ ಎಂದು ಹೇಳಿದ ಪದರವನ್ನು ಅಂಗಡಿಯವನು ಏನು ಮಾಡುತ್ತಾನೆ? ಕೈ ತಪ್ಪಿಯೂ ಮುಟ್ಟದ ಹಾಗೆ ಬೀಗ ಹಾಕುತ್ತಾನೆ. ಫಕ್ಕೀರೇಶ ಬೀಗದ ಗುರುತು ಒತ್ತಿದ, ಆ ಸಾಲು ಮಡಚಿಕೊಂಡು ಪರದೆಯಿಂದ ಮರೆಯಾಯಿತು. ಅಷ್ಟು ಹೊತ್ತು ನೀಲಾಳ ಬಲಗೈ ಬೆರಳುಗಳಲ್ಲಿ ಒಂದು ಸಣ್ಣ ನಡುಕ ಇತ್ತು, ಅದು ಥಟ್ಟನೆ ನಿಂತಿತು. ಚಿತ್ರ ಸ್ವಚ್ಛವಾಯಿತು ಎಂದು ಅವನಿಗೆ ಖುಷಿಯೇ ಆಯಿತು.

ಅರ್ಧ ತಾಸಿನಲ್ಲಿ ನೀಲಗಂಗಾ ತನ್ನ ಕೈಯಿಂದ ತಾನೇ ನೀರಿನ ಲೋಟ ಎತ್ತಿ ಕುಡಿದಳು. ಒಂದು ಹನಿ ಚೆಲ್ಲಲಿಲ್ಲ. ಕೈ ಮೆಲ್ಲಗೆ ಹೊರಟು, ನಡುವೆ ಚುರುಕಾಗಿ, ತುಟಿಯ ಹತ್ತಿರ ಮತ್ತೆ ಮೆಲ್ಲಗಾಯಿತು. ಎಂಜಿನಿಯರುಗಳು ಚಪ್ಪಾಳೆ ಹೊಡೆದರು.

ಅವತ್ತು ಹೊರಡುವ ಮುಂಚೆ ಅನಸೂಯಾ ಒಂದು ಮಾತು ಸ್ಪಷ್ಟವಾಗಿ ಹೇಳಿದರು. "ನೋಡ್ರಿ, ನಾವು ಮಾಡಸೂದು ಬರೇ ದಾರಿ ತೋರಸಾಕ. ಕೈಕಾಲು ಆಡಿಕೋತ ಇದ್ರ ಅವರ ಸ್ವಂತ ಚಲನೆ ಒಂದಿನ ಕೆಳಗಿಂದ ತಾನ ಎದ್ದು ಬರಬೇಕು. ಅದು ಬಂದಕೂಡ್ಲೆ ನಮ್ಮದು ತಾನ ಸರಕೋತೈತಿ, ಪೆಟ್ಟಿಗಿ ಹಂಗ ಮಾಡೇವಿ. ಆದ್ರ ಮೊದಲನೇ ವರ್ಷನ ಮುಖ್ಯ. ವರ್ಷದಾಗ ಬರಲಿಲ್ಲಂದ್ರ ಮಿದುಳಿನ ಆ ದಾರಿ ಬತ್ತಿಹೋಗತಾವು. ಆಮ್ಯಾಲ ಯಾರ ಕೈಯಾಗೂ ಏನೂ ಇಲ್ಲ."

ಫಕ್ಕೀರೇಶ ಅದನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದ. ಒಂದು ವರ್ಷ. ಅದರೊಳಗೆ ನೀಲಾ ತಾನಾಗಿ ಒಂದು ಬೆರಳು ಎತ್ತಬೇಕು.

ಮನೆಯಲ್ಲಿ ಇಂದ್ರವ್ವ ಇದ್ದಳು, ನೀಲಾಳ ಅಕ್ಕ. ಗಂಡ ತೀರಿಕೊಂಡ ಮೇಲೆ ಮುಂಡರಗಿಯಲ್ಲಿ ಒಬ್ಬಳೇ ಇದ್ದವಳು, ತಂಗಿಗೆ ಹೀಗಾಯಿತೆಂದು ಒಂದು ಚೀಲ ಬಟ್ಟೆ ಹಿಡಿದುಕೊಂಡು ಬಂದು ಉಳಿದುಕೊಂಡಿದ್ದಳು. ಮೊದಲ ದಿನ ನೀಲಾ ತಾನೇ ಬಾಚಣಿಗೆ ಹಿಡಿದು ತಲೆ ಬಾಚಿಕೊಂಡದ್ದನ್ನು ನೋಡಿ ಇಂದ್ರವ್ವ ದೇವರ ಮುಂದೆ ಹೋಗಿ ಅಡ್ಡಬಿದ್ದಳು.

ಓಣಿಗೆ ಓಣಿಯೇ ನೋಡಲು ಬಂತು. ಬಂದವರಿಗೆ ನೀಲಾ ಕೈಮುಗಿಯುತ್ತಿದ್ದಳು, ನಗುತ್ತಿದ್ದಳು. ಆ ನಗುವನ್ನು ತಿದ್ದಲು ಫಕ್ಕೀರೇಶ ನಾಲ್ಕು ದಿನ ಕೂತಿದ್ದ. ಎಡಗಡೆಯ ತುಟಿ ಬಲಗಡೆಗಿಂತ ಅರೆಕ್ಷಣ ಮೊದಲು ಏಳುವುದು ಅವಳ ರೂಢಿ, ಮದುವೆಯ ಆಲ್ಬಮ್ ನೋಡಿ ನೋಡಿ ಅದನ್ನೂ ಹಿಡಿದಿದ್ದ. ಮುಂಜಾನೆ ಎಂಟಕ್ಕೆ ಗಂಜಿ, ಹತ್ತಕ್ಕೆ ತಲೆ ಬಾಚುವುದು, ಮಧ್ಯಾಹ್ನ ಊಟ, ನಾಲ್ಕಕ್ಕೆ ಪಡಸಾಲೆಯಲ್ಲಿ ಹತ್ತು ಹೆಜ್ಜೆ. ಸಂಜೆ ಆರೂವರೆಗೆ, ದೀಪ ಹಚ್ಚಿದ ಮೇಲೆ, ಅವನು ಅವಳ ಪಕ್ಕ ಕೂರುತ್ತಿದ್ದ. ಆಗ ಅವಳ ಬಲಗೈ ನಿಧಾನವಾಗಿ ಎದ್ದು ಅವನ ಹೆಗಲ ಮೇಲೆ ಬಂದು ಕೂರುತ್ತಿತ್ತು. ಅದು ಡಾಕ್ಟರು ಹೇಳಿದ ಪಟ್ಟಿಯಲ್ಲಿರಲಿಲ್ಲ. ಅವನು ತನಗಾಗಿಯೇ ಇಟ್ಟುಕೊಂಡದ್ದು. ತಾನೇ ಇಟ್ಟ ಕೀಫ್ರೇಮು ಎಂದು ಗೊತ್ತಿದ್ದರೂ ಆ ಕೈಯ ಭಾರಕ್ಕೆ ಅವನ ದಿನದ ದಣಿವೆಲ್ಲ ಇಳಿಯುತ್ತಿತ್ತು.

ಸೋಮವಾರ ಬಂದರೆ ಇಂದ್ರವ್ವ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು. "ಇವತ್ತ ಸೋಮಾರ ಐತಿ, ಫಕ್ಕೀರಪ್ಪ."

"ಔಷಧದ ಮ್ಯಾಲ ಇದ್ದಾಕಿಗೆ ಉಪವಾಸ ಎಲ್ಲೀದ ಅಕ್ಕಾ. ದೇವರು ತಿಳ್ಕೋತಾನ, ಕೊಡು."

ದೇವರು ತಿಳಿದುಕೊಂಡನೋ ಏನೋ, ನೀಲಾ ಬಾಯಿ ತೆರೆದು ಗಂಜಿ ನುಂಗುತ್ತಿದ್ದಳು. ಗಂಟಲಿನ ಪದರದಲ್ಲಿ ಎರಡು ಗುರುತು, ತುಟಿಯ ಪದರದಲ್ಲಿ ಮೂರು.

ಕೇಂದ್ರದವರು ಫಕ್ಕೀರೇಶನನ್ನು ಬಿಡಲಿಲ್ಲ. ವಾರಕ್ಕೆ ಎರಡು ದಿನ ಬಂದು ಉಳಿದ ರೋಗಿಗಳಿಗೂ ಚಲನೆ ಮಾಡಿಕೊಡಿ ಎಂದರು. ಅವನು ಮಾಡಿದ ಫೈಲನ್ನೇ ಮಾದರಿಯಾಗಿ ಇಟ್ಟುಕೊಂಡು ಒಂಬತ್ತು ಜನಕ್ಕೆ ಕಾಪಿ ಮಾಡಿದರು. ಜನರ ಬೇಡಿಕೆಗಳೂ ವಿಚಿತ್ರ. ಒಂದು ಮನೆಯವರಿಗೆ ಅಜ್ಜ ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಬೇಕಿತ್ತು. ಇನ್ನೊಬ್ಬರಿಗೆ ತಾಯಿ ಮೊದಲಿನ ಹಾಗೆ ಬಯ್ಯದೆ, ಬರೇ ತಲೆದೂಗಿದರೆ ಸಾಕಾಗಿತ್ತು. ಫಕ್ಕೀರೇಶ ಎಲ್ಲರಿಗೂ ಮಾಡಿಕೊಟ್ಟ. ಗೋಡೆಯ ಮೇಲಿನವರಿಗೆ ಮಾಡುತ್ತಿದ್ದುದನ್ನೇ ಈಗ ಗಾಲಿಕುರ್ಚಿಯಲ್ಲಿದ್ದವರಿಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಇಂದ್ರವ್ವನಿಗೆ.

ಏಳನೆಯ ತಿಂಗಳು ಒಂದು ಸಂಜೆ, ನೀಲಾಳ ಕೈ ಅವನ ಹೆಗಲ ಮೇಲಿರುವಾಗ, ಇಂದ್ರವ್ವ ಎದುರಿಗೆ ಕೂತು ತಂಗಿಯ ಮುಖವನ್ನೇ ನೋಡುತ್ತಿದ್ದಳು.

"ಫಕ್ಕೀರಪ್ಪ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಇಷ್ಟು ದಿನಾತು, ಇಕಿ ಒಂದ ದಿನ ಬ್ಯಾಡ ಅಂದಿಲ್ಲ. ನಮ್ಮ ನೀಲಾ ಅದಾಳೇನು ಇದರೊಳಗ?"

"ಅದಾಳ ಅಕ್ಕಾ. ಬರ್ತಾಳ. ಟೈಮ್ ಬೇಕು."

"ನನಗ್ಯಾಕೊ ನೀ ಅಕಿನ್ನ ಫೋಟೊ ಮಾಡಿ ಕುಂದ್ರಿಸೀದಿ ಅನಸ್ತೈತಿ."

ಅವನಿಗೆ ಸಿಟ್ಟು ಬಂತು. ಎದ್ದು ಹೊರಗೆ ಹೋದ. ಅವನು ಎದ್ದುಹೋದ ಜಾಗದಲ್ಲಿ ನೀಲಾಳ ಕೈ ಗಾಳಿಯಲ್ಲೇ ಹೆಗಲಿನ ಮಟ್ಟಕ್ಕೆ ನಿಂತಿತ್ತು, ನಿಗದಿಯಾದ ಎರಡು ನಿಮಿಷ ಮುಗಿಯುವ ತನಕ. ಇಂದ್ರವ್ವ ಅದನ್ನು ನೋಡಲಾರದೆ ಕೈಯ ಕೆಳಗೊಂದು ದಿಂಬು ಇಟ್ಟಳು.

ಪ್ರತಿ ತಿಂಗಳೂ ಕೇಂದ್ರಕ್ಕೆ ಹೋದಾಗ ಅನಸೂಯಾ ಪರದೆಯ ಮೇಲಿನ ಒಂದು ಅಂಕಿಯನ್ನು ನೋಡುತ್ತಿದ್ದರು. ಸ್ವಂತ ಚಲನೆ: ಸೊನ್ನೆ. ಐದನೆಯ ತಿಂಗಳು ಸೊನ್ನೆ. ಎಂಟನೆಯ ತಿಂಗಳು ಸೊನ್ನೆ. ಹತ್ತನೆಯ ತಿಂಗಳು ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಫಕ್ಕೀರೇಶ ಮನೆಗೆ ಬಂದು ನಗುವಿನ ಕೀಫ್ರೇಮನ್ನು ಇನ್ನಷ್ಟು ತಿದ್ದಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಹನ್ನೊಂದು ತಿಂಗಳು ಮುಗಿದು ಮೂರು ವಾರವಾಗಿತ್ತು. ವರ್ಷದ ಪರೀಕ್ಷೆಗೆಂದು ಒಂದು ಶನಿವಾರ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಅವತ್ತು ಅನಸೂಯಾ ಬರೀ ಅಂಕಿ ನೋಡದೆ, ಪೆಟ್ಟಿಗೆಯಲ್ಲಿದ್ದ ಇಡೀ ವರ್ಷದ ದಾಖಲೆಯನ್ನು ದೊಡ್ಡ ಪರದೆಗೆ ತಂದರು. ಭುಜ, ಮೊಳಕೈ, ದವಡೆ, ಎಲ್ಲ ಸಾಲುಗಳಲ್ಲೂ ಫಕ್ಕೀರೇಶನ ಅಚ್ಚುಕಟ್ಟಾದ ಗುರುತುಗಳು. ಅವರು ಕೆಳಗೆ ಸರಿಸಿದರು. ತಳದ ಸಾಲು ಬಂತು.

ಖಾಲಿ ಇರಬೇಕಿದ್ದ ಆ ಸಾಲು ಕಪ್ಪಾಗಿತ್ತು. ಅಷ್ಟು ಗುರುತುಗಳು, ಒಂದರ ಮೇಲೊಂದು, ಸಾಸಿವೆ ಚೆಲ್ಲಿದ ಹಾಗೆ. ಸಾಲಿನ ತುದಿಯಲ್ಲಿ ಒಂದು ಸಣ್ಣ ಬೀಗ.

ಅನಸೂಯಾ ಅದರ ಮೇಲೆ ಬೆರಳಿಟ್ಟರು. "ಈ ಬೀಗ ಯಾರು ಹಾಕಿದ್ದು?"

"ನಾನ್ರಿ," ಎಂದ ಫಕ್ಕೀರೇಶ. "ಮೊದಲನೇ ದಿನಾನ ಹಾಕೀನ್ರಿ. ಸುದ್ದಿಗೆ ಹೋಗಬ್ಯಾಡ ಅಂದಿದ್ರಲ್ರಿ ನೀವು."

ಡಾಕ್ಟರು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತು, ಎಳೆಯ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಆ ಪದರ ಹಿಂದಿನ ಗೋಡೆ ಅಲ್ಲ. ಅದು ನೀಲಗಂಗಾ. ಮಿದುಳಿನಿಂದ ಅವಳು ಕಳಿಸುವ ಸಂಕೇತಗಳೆಲ್ಲ ಅಲ್ಲಿಗೇ ಬರುತ್ತವೆ, ಅಲ್ಲಿಂದಲೇ ಕೈಕಾಲಿಗೆ ಹೋಗಬೇಕು. ರೋಗಿಗೆ ಫಿಟ್ಸ್ ಬಂದು ಕೈಕಾಲು ಸೆಳೆದರೆ ಮಾತ್ರ ಹಾಕಲಿಕ್ಕೆಂದು ಇಟ್ಟ ಬೀಗ ಅದು. ಬೀಗ ಬಿದ್ದರೆ ಪೆಟ್ಟಿಗೆ ಸಂಕೇತಗಳನ್ನು ಬರೆದುಕೊಳ್ಳುತ್ತದೆ, ಕೈಕಾಲಿಗೆ ದಾಟಿಸುವುದಿಲ್ಲ. ಹಾಗಾಗಿಯೇ ಸೊನ್ನೆ.

"ಅಂದ್ರ..." ಎಂದ ಫಕ್ಕೀರೇಶ.

"ಅಂದ್ರ ಅವರು ಮೊದಲನೇ ದಿನದಿಂದ ಕೈ ಆಡಸ್ತಿದ್ರು. ಅವತ್ತು ಬೆರಳು ನಡಗತಿತ್ತಲ್ಲ, ಅದು ಅವರ ಆಡಸಿದ್ದು. ನಾನೂ ಕೆಳಗ ಇಳದು ನೋಡಲಿಲ್ಲ ಫಕ್ಕೀರೇಶ್. ಮ್ಯಾಲಿನ ಅಂಕಿ ನೋಡಿಕೋತ ಕುಂತೆ."

ಆಮೇಲೆ ಅವರಿಗೆ ಇನ್ನೊಂದು ನೆನಪಾಯಿತು. ಒಂಬತ್ತು ಜನಕ್ಕೂ ಇದೇ ಫೈಲು. ಹೊರಗಿದ್ದ ಎಂಜಿನಿಯರನ್ನು ಕೂಗಿ ಎಲ್ಲ ಮನೆಗಳಿಗೂ ಈಗಲೇ ಫೋನ್ ಮಾಡಿ ತಳದ ಪದರದ ಬೀಗ ತೆಗೆಸು ಎಂದರು. ಅರ್ಧ ತಾಸಿನೊಳಗೆ ಒಂದು ಮನೆಯಿಂದ ಸುದ್ದಿ ಬಂತು. ಮೊಮ್ಮಗಳಿಗೆ ಅಕ್ಷತೆ ಹಾಕಿದ್ದ ಅಜ್ಜ, ಬೀಗ ತೆರೆದ ಕೂಡಲೇ ಎದುರಿಗಿದ್ದ ತಾಟನ್ನು ಕೈಯಿಂದ ಬೀಸಿ ಒಗೆದನಂತೆ. ಮನೆಯವರು ಸಂತೋಷಕ್ಕೆ ಅಳುತ್ತಿದ್ದರಂತೆ.

ಫಕ್ಕೀರೇಶ ನೀಲಾಳ ಬೀಗ ತಾನೇ ತೆಗೆದ. ಮೇಲಿನ ಪದರಗಳನ್ನೆಲ್ಲ ಆರಿಸಿದ. ಕುರ್ಚಿಯಲ್ಲಿ ಅವಳ ಕೈ ತೊಡೆಯ ಮೇಲೆ ಬಿತ್ತು, ತಲೆ ವಾಲಿತು. ಕಾದರು. ಏನೂ ಆಗಲಿಲ್ಲ.

ಅನಸೂಯಾ ದಾಖಲೆಯ ಕೊನೆಗೆ ಹೋದರು. ಮೊದಲ ಏಳು ತಿಂಗಳು ಒತ್ತೊತ್ತಾಗಿದ್ದ ಗುರುತುಗಳು ಆಮೇಲೆ ಚದುರುತ್ತ ಬಂದಿದ್ದವು. ಒಂಬತ್ತನೆಯ ತಿಂಗಳಲ್ಲಿ ದಿನಕ್ಕೆ ನಾಲ್ಕೈದು. ಆಮೇಲೆ ವಾರಕ್ಕೆ ಒಂದೋ ಎರಡೋ. ಕೊನೆಯದು ಹತ್ತೊಂಬತ್ತು ದಿನದ ಹಿಂದೆ. ಅಲ್ಲಿಂದ ಈಚೆ ಸಾಲು ನಿಜವಾಗಿ ಖಾಲಿ.

"ಏನ್ ಮಾಡತಿದ್ಲು ಅದರಾಗ?" ಎಂದು ಫಕ್ಕೀರೇಶ ಕೇಳಿದ. "ತೋರಸ್ರಿ ನನಗ."

"ಬ್ಯಾಡ ಫಕ್ಕೀರೇಶ್."

"ತೋರಸ್ರಿ."

ಪರದೆಯ ಮೇಲೆ ಬೂದು ಬಣ್ಣದ ಒಂದು ಗೊಂಬೆ ಬಂತು, ಕಣ್ಣು ಮೂಗು ಇಲ್ಲದ್ದು. ಮೇಲಿನ ಪದರಗಳಿಲ್ಲದೆ ತಳದ ಪದರ ಒಂದನ್ನೇ ಅದರ ಮೇಲೆ ಓಡಿಸಿದರು. ಇಂಥ ನೂರಾರು ಗೊಂಬೆಗಳನ್ನು ಆಡಿಸಿದ್ದ ಫಕ್ಕೀರೇಶನಿಗೆ ಎರಡೇ ಕ್ಷಣದಲ್ಲಿ ಗುರುತು ಸಿಕ್ಕಿತು. ಆ ಹೆಗಲು ಅವಳದು.

ಓಣಿಯವರು ಬಂದು ಕೂತಿದ್ದ ದಿನ, ಅವಳು ನಕ್ಕು ಕೈಮುಗಿದಿದ್ದ ಹೊತ್ತಿನಲ್ಲಿ, ಗೊಂಬೆ ಮುಖ ಮುಚ್ಚಿಕೊಳ್ಳಲು ಕೈ ಎತ್ತುತ್ತಿತ್ತು. ತಲೆ ಬಾಚುವ ಹೊತ್ತಿನಲ್ಲಿ ಬೆರಳುಗಳು ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದವು, ತಾಸುಗಟ್ಟಲೆ, ಕೈ ಮರೆಯಬಾರದು ಎಂಬ ಹಟದಲ್ಲಿ. ಸಂಜೆ ಆರೂವರೆಗೆ ಏನಾಗುತ್ತಿತ್ತು ಎಂದು ಕೇಳಲು ಅವನಿಗೆ ಧೈರ್ಯವಿರಲಿಲ್ಲ, ಆದರೆ ದಾಖಲೆ ತಾನಾಗಿ ಅಲ್ಲಿಗೆ ಬಂತು. ಅವನ ಹೆಗಲ ಮೇಲೆ ಕೈ ಇಟ್ಟು ಕೂತಿದ್ದ ಆ ಎರಡು ನಿಮಿಷದಲ್ಲಿ ಗೊಂಬೆಯ ಬಲಗೈ ಅವನ ಕಡೆ ಬರುತ್ತಲೇ ಇರಲಿಲ್ಲ. ತನ್ನ ಎದೆಗೆ ತಾನೇ ಬಡಿದುಕೊಳ್ಳುತ್ತಿತ್ತು. ಎರಡು ಸಲ, ಒಂದು ಬಿಡುವು, ಮತ್ತೆ ಎರಡು ಸಲ. ಇಲ್ಲೇ ಅದೀನಿ, ನಾ ಇಲ್ಲೇ ಅದೀನಿ. ಮರುದಿನವೂ ಅದೇ ಹೊತ್ತಿಗೆ. ಅದರ ಮರುದಿನವೂ. ಇನ್ನೂರ ಹನ್ನೊಂದು ಸಂಜೆ.

ಫಕ್ಕೀರೇಶ ಬಾಯಿಗೆ ಟವೆಲು ತುರುಕಿಕೊಂಡು ಅತ್ತ. ನೀಲಾಳ ಕಡೆ ತಿರುಗಲು ಅವನಿಗೆ ಮುಖವಿರಲಿಲ್ಲ.

"ಒಂದು ಮಾತ್ರ ನನಗ ತಿಳಿವಲ್ದು," ಎಂದರು ಅನಸೂಯಾ, ಅವನು ಸ್ವಲ್ಪ ಸುಧಾರಿಸಿಕೊಂಡ ಮೇಲೆ. "ಬಾಕಿ ಎಲ್ಲಾ ಕಡಿಮಿ ಆಗಿಕೋತ ಬಂದ್ರೂ ಇದೊಂದು ಕಡೀತನಕ ಉಳದೈತಿ. ಏಳು ದಿನಕ್ಕೊಮ್ಮೆ, ಮುಂಜಾನೆ ಎಂಟಕ್ಕ, ತುಟಿ ಬಿಗಿಯಾಗಿ ಮುಚ್ಚತಾರ. ಬ್ಯಾರೆ ದಿನ ಇಲ್ಲ. ಯಾಕಿರಬಹುದು?"

ಫಕ್ಕೀರೇಶ ಕ್ಯಾಲೆಂಡರ್ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

"ಸೋಮಾರ ಮೇಡಂ," ಎಂದ. "ಉಪವಾಸ ಅಕಿದು. ದಿನಾ ಎಣಿಸಿಕೋತ ಬಂದಾಳ್ರಿ ಅಕಿ."

ಹತ್ತೊಂಬತ್ತು ದಿನದ ಹಿಂದಿನ ಕೊನೆಯ ಗುರುತೂ ಸೋಮವಾರದ್ದೇ. ಆಮೇಲೆ ಎರಡು ಸೋಮವಾರ ಕಳೆದಿದ್ದವು, ಎರಡರಲ್ಲೂ ತುಟಿ ಮುಚ್ಚಿರಲಿಲ್ಲ. ದಾರಿ ಬತ್ತಿತೋ, ಅವಳಿಗೇ ಸಾಕಾಯಿತೋ, ಹೇಳಲಾಗುವುದಿಲ್ಲ ಎಂದರು ಅನಸೂಯಾ. ವರ್ಷ ತುಂಬಲು ಹತ್ತೇ ದಿನವಿತ್ತು. "ನಾಡದು ಸೋಮಾರ ನೋಡ್ರಿ," ಎಂದಷ್ಟೇ ಹೇಳಿ ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಫಕ್ಕೀರೇಶ ಮನೆಗೆ ಬಂದು ಇಂದ್ರವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದ, ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ತಂಗಿಯ ಕಾಲ ಹತ್ತಿರ ಹೋಗಿ ಕೂತು, ಅವಳ ಪಾದ ಒತ್ತತೊಡಗಿದಳು.

ಭಾನುವಾರದ ಹೊತ್ತಿಗೆ ನಗುವಿನ ಪದರ, ಕೈಮುಗಿಯುವ ಪದರ, ಹೆಗಲ ಮೇಲಿನ ಕೈ, ಎಲ್ಲವನ್ನೂ ಫಕ್ಕೀರೇಶ ಅಳಿಸಿಹಾಕಿದ್ದ. ಉಳಿಸಿದ್ದು ನುಂಗುವುದೊಂದನ್ನೇ. ಅದನ್ನು ಅಳಿಸಿದರೆ ಅವಳು ಹಸಿದು ಸಾಯುತ್ತಾಳೆ. ಭಾನುವಾರ ಮೂರು ಹೊತ್ತೂ ಅದನ್ನು ಒತ್ತಿ ಗಂಜಿ ಕುಡಿಸುವಾಗ ಅವನ ಕೈ ಕಳ್ಳತನಕ್ಕಿಳಿದವನ ಕೈಯಂತೆ ಅಂಜುತ್ತಿತ್ತು. ತಳದ ಸಾಲಿನಲ್ಲಿ ಒಂದು ಗುರುತೂ ಬೀಳಲಿಲ್ಲ.

ಸೋಮವಾರ ಎಂಟಕ್ಕೆ ಇಂದ್ರವ್ವ ಗಂಜಿಯ ಬಟ್ಟಲು ತಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಫಕ್ಕೀರೇಶ ಪೆಟ್ಟಿಗೆಯ ಪರದೆಯನ್ನು ತನಗೆ ಕಾಣುವ ಹಾಗೆ ತಿರುಗಿಸಿಕೊಂಡು ನುಂಗುವ ಗುಂಡಿ ಒತ್ತಿದ. ನೀಲಾಳ ತುಟಿ ತೆರೆದುಕೊಂಡವು. ಅವನು ಚಮಚ ಹತ್ತಿರ ಒಯ್ದ.

ತುಟಿ ಮುಚ್ಚಿಕೊಂಡವು.

ಗಂಜಿ ಚಮಚದಿಂದ ಗದ್ದಕ್ಕೆ, ಗದ್ದದಿಂದ ಸೀರೆಗೆ ಚೆಲ್ಲಿತು. ತಳದ ಸಾಲಿನಲ್ಲಿ ಒಂದು ಸಣ್ಣ ವಜ್ರ ಮೂಡಿತ್ತು. ಮೇಲಿನ ಪದರ ತಾನಾಗಿ ಸರಿದು ನಿಂತಿತ್ತು.

"ಬ್ಯಾಡ ಅಂದ್ಲು!" ಎಂದು ಇಂದ್ರವ್ವ ಚೀರಿದಳು. "ಫಕ್ಕೀರಪ್ಪ, ಬ್ಯಾಡ ಅಂದ್ಲೋ!"

ಫಕ್ಕೀರೇಶ ಬಟ್ಟಲನ್ನು ನೆಲದ ಮೇಲಿಟ್ಟು ಅವಳ ಎರಡೂ ಕೈ ಹಿಡಿದುಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. "ನೀಲಾ. ಇವತ್ತ ತಿನಸೂದಿಲ್ಲ. ಹೊತ್ತು ಮುಣಗೂತನಕ ಏನೂ ತಿನಸೂದಿಲ್ಲ. ನೀರು ಕೊಡ್ಲ್ಯಾ?"

ತುಟಿ ಮತ್ತೆ ಬಿಗಿಯಾದವು. ಬ್ಯಾಡ.

"ಮಲಗಸ್ಲ್ಯಾ?"

ಬ್ಯಾಡ. ಈ ಸಲ ತಡವಾಯಿತು, ಸಾಲಿನಲ್ಲಿ ಮೂಡಿದ ಗುರುತೂ ಮಸುಕಾಗಿತ್ತು. ಅವಳಿಗೆ ಬರುತ್ತಿದ್ದುದು ಅದೊಂದೇ. ಹೌದು ಅನ್ನಲು ಅವಳ ಹತ್ತಿರ ಏನೂ ಇರಲಿಲ್ಲ.

"ನಾ ಇನ್ನ ಮ್ಯಾಲ ನಿನ್ನ ಮೈಮ್ಯಾಲ ಕೀಫ್ರೇಮ್ ಇಡಲ್ಯಾ?"

ತುಟಿ ಮುಚ್ಚಿದವು, ಅಂಚು ಬಿಳಿಯಾಗುವಷ್ಟು.

ಅವನು ತಲೆ ತಗ್ಗಿಸಿದ. ಸಾಕು, ದಣಿಸಬಾರದು ಎಂದು ಇಂದ್ರವ್ವ ಹೇಳುತ್ತಿದ್ದಳು. ಅವನಿಗೆ ಇನ್ನೊಂದೇ ಕೇಳುವುದಿತ್ತು, ಬೀಗ ಹಾಕಿಟ್ಟ ಹನ್ನೊಂದು ತಿಂಗಳಿಗಾಗಿ ಕೇಳಬೇಕಿದ್ದದ್ದು.

"ನೀಲಾ, ನಾ ನಿನ್ನ ಕಣ್ಣ ಮುಂದಿಂದ ಹೋಗಿಬಿಡ್ಲ್ಯಾ?"

ಅವನು ತುಟಿಗಳನ್ನೇ ನೋಡಿದ. ಅವು ಅಲುಗಾಡಲಿಲ್ಲ. ಪರದೆ ನೋಡಿದ, ತಳದ ಸಾಲಿನಲ್ಲಿ ಗೆರೆ ಸಪಾಟಾಗಿ ಓಡುತ್ತಿತ್ತು. ಬ್ಯಾಡ ಅನ್ನಲಿಲ್ಲ. ಅಂದರೆ ಹೋಗು ಎಂದಳೇ, ಇಲ್ಲ ಅವಳ ಶಕ್ತಿ ಮುಗಿಯಿತೇ, ಇಲ್ಲ ದಾರಿ ಈಗ, ಈ ಮಾತಿನ ಮುಂದೆಯೇ, ಬತ್ತಿಹೋಯಿತೇ?

"ಇಲ್ಲೇ ಕುಂದ್ರಲ್ಯಾ?"

ಅದಕ್ಕೂ ಏನೂ ಇಲ್ಲ. ಕಣ್ಣು ತೆರೆದಿದ್ದವು, ಅವನ ಕಡೆಗೇ ಇದ್ದವು. ಬದುಕಿಡೀ ಅವನು ಇಂಥ ಕಣ್ಣುಗಳೊಳಗೆ ತನಗೆ ಬೇಕಾದ್ದನ್ನು ಬರೆಯುತ್ತ ಬಂದವನು. ಇವತ್ತು ಒಂದಕ್ಷರ ಬರೆಯಲು ಕೈ ಬರಲಿಲ್ಲ.

ಇಂದ್ರವ್ವ ಸೀರೆಯ ಮೇಲಿನ ಗಂಜಿ ಒರೆಸಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಫಕ್ಕೀರೇಶ ಎದ್ದು ಬಾಗಿಲ ತನಕ ಹೋದ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಪರದೆ ಕಾಣುವ ಹಾಗೆ ತಿರುಗಿ, ಅಲ್ಲೇ ಕೂತ. ಸಂಜೆ ಹೊತ್ತು ಮುಳುಗುವ ತನಕ ತಳದ ಸಾಲಿನಲ್ಲಿ ಇನ್ನೊಂದು ಗುರುತು ಬೀಳಲಿಲ್ಲ. ಅವನು ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ.